ವಿಶೇಷವೇನೂ ಇಲ್ಲದ ದಿನಗಳು

ಕೌಟುಂಬಿಕ ಸಿನಿಮಾದಲ್ಲಿ ಹಠಮಾರಿ ಮಗುವೊಂದು ಸರಿಹೋಗಲು ಎಷ್ಟು ಕಾಲ ಬೇಕು ಎಂದು ನೀವು ಎಂದಾದರೂ ಗಮನಿಸಿದ್ದೀರಾ? ನಾನು ಗಮನಿಸಿದ್ದೇನೆ. ಒಂದು ಹಾಡು ಬೇಕು, ಅಷ್ಟೇ. ಪಲ್ಲವಿಯಲ್ಲಿ ಮಗು ಹಾಲಿನ ಲೋಟವನ್ನು ಗೋಡೆಗೆ ಬೀಸಿ ಒಗೆಯುತ್ತದೆ. ಮೊದಲ ಚರಣದಲ್ಲಿ ಮುಖ ತಿರುಗಿಸಿಕೊಂಡೇ ಒಂದು ತುತ್ತು ತಿನ್ನುತ್ತದೆ. ನಡುವೆ ಕೊಳಲು ಕೇಳಿಬರುವ ಹೊತ್ತಿಗೆ ಹೊಸ ಬಟ್ಟೆ, ಬಲೂನು, ಬೆಟ್ಟದ ತುದಿ, ಐಸ್‌ಕ್ರೀಮು ಎಲ್ಲವೂ ಬಂದುಹೋಗಿ, ಎರಡನೇ ಚರಣ ಮುಗಿಯುವಷ್ಟರಲ್ಲಿ ಆ ಮಗು ಸಾಕುತಂದೆಯ ಬೆನ್ನ ಮೇಲೆ ಕೂಸುಮರಿಯಾಗಿ ಕೂತು ಹಲ್ಲು ಬಿಡುತ್ತಿರುತ್ತದೆ. ಲೋಟದ ಗಾಜನ್ನು ಗುಡಿಸಿದವರು ಯಾರು ಎಂದು ಯಾವ ನಿರ್ದೇಶಕರೂ ಈವರೆಗೆ ತೋರಿಸಿಲ್ಲ.

ಇಂಥ ವಿಷಯಗಳ ಬಗ್ಗೆ ಅಧಿಕಾರವಾಣಿಯಿಂದ ಮಾತಾಡಲು ನೀನು ಯಾರು ಎಂದು ನೀವು ಕೇಳಬಹುದು. ನಮ್ಮಮ್ಮ ದಿನವೂ ಕೇಳುತ್ತಾಳೆ. ದಾವಣಗೆರೆಯಲ್ಲಿ ಕಾಲೇಜೊಂದರ ಎದುರಿಗೆ ನಮ್ಮಪ್ಪನ ಝೆರಾಕ್ಸ್ ಅಂಗಡಿಯಿದೆ. ಡಿಗ್ರಿ ಮುಗಿಸಿದ ಮೇಲೆ ಅಲ್ಲಿ ಕೂರುವ ನಾನು, ಪರೀಕ್ಷೆಯ ಕಾಲ ಬಿಟ್ಟರೆ ಉಳಿದ ಹೊತ್ತಿನಲ್ಲಿ ಫೋನಿನಲ್ಲಿ ಸಿನಿಮಾ ನೋಡಿ, ಫೋನಿನಲ್ಲೇ ಸಿನಿಮಾ ಹೇಗೆ ಮಾಡುತ್ತಾರೆಂದು ಕಲಿತು, ಫೋನಿನಲ್ಲೇ ವಿಮರ್ಶೆ ಬರೆದು, ಕೊನೆಗೆ ಫೋನಿನ ಚಾರ್ಜು ಮುಗಿದಾಗ ಮಾತ್ರ ಲೋಕವ್ಯವಹಾರಕ್ಕೆ ಮರಳುವವಳು. ನನಗೆ ಗುರುಗಳಿಲ್ಲ, ಡೇಟಾ ಪ್ಯಾಕ್ ಇದೆ. ಆ ಕಾರಣಕ್ಕೇ ಇರಬೇಕು, ನನ್ನ ವಿದ್ಯೆಯಲ್ಲಿ ಅಲ್ಲಲ್ಲಿ ಬಫರಿಂಗ್ ಆಗುತ್ತದೆ.

ಹೀಗೆ ನೋಡಿದ ಸಿನಿಮಾಗಳಲ್ಲಿ ಒಂದರ ಕಥೆ ಇಷ್ಟು: ಹೆಂಡತಿಯನ್ನು ಕಳೆದುಕೊಂಡ ಸಿರಿವಂತ ಇಂಜಿನಿಯರೊಬ್ಬ ಅನಾಥಾಲಯದಿಂದ ಪುಟ್ಟ ಹುಡುಗಿಯನ್ನು ದತ್ತು ತರುತ್ತಾನೆ. ಅವಳು ಮಹಾ ತುಂಟಿ, ಬಂಗಲೆಯ ಮೆಟ್ಟಿಲ ಮೇಲಿಂದ ಹೂಕುಂಡಗಳನ್ನು ಉರುಳಿಸುತ್ತಾಳೆ. ಮುಂದಿನದು ನಿಮಗೆ ಗೊತ್ತೇ ಇದೆ, ಹಾಡು. ನಾನು ಆ ಹಾಡಿಗೆ ಮನಸಾರೆ ಅತ್ತೆ. ಅತ್ತು, ಮೂಗೊರೆಸಿಕೊಂಡು, ಅದನ್ನು ಹರಿಹರದ ನನ್ನ ಗಿರಿಜಾ ಚಿಕ್ಕಮ್ಮನಿಗೆ ಫೋನಿನಲ್ಲಿ ವಿವರಿಸಿದೆ. ನಮ್ಮಮ್ಮನ ತಂಗಿಯಾದ ಅವಳು ಮನೆಯ ಮುಂದಿನ ಕೋಣೆಯಲ್ಲೇ ಟೇಲರಿಂಗ್ ಮಾಡುತ್ತಾಳೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಮಷೀನು ತುಳಿಯುತ್ತಲೇ ಕಥೆ ಕೇಳಿದಳು.

“ಸುಮಿ, ಒಂಟಿ ಗಂಡಸಿಗೆ ಹೆಣ್ಣುಮಗೂನ ದತ್ತು ಕೊಡಲ್ಲ ಕಣೇ,” ಎಂದಳು ಎಲ್ಲ ಕೇಳಿ.

“ಅದು ಸಿನಿಮಾ ಚಿಕ್ಕಮ್ಮ.”

“ಸಿನಿಮಾ ಆದ್ರೇನು, ಕಾನೂನು ಐತೆ. ಹೆಂಗಸಿಗಾದ್ರೆ ಕೊಡ್ತಾರೆ. ನಾನು ಕೇಳೀನಿ.”

ಎಲ್ಲಿ ಕೇಳಿದೆ, ಯಾಕೆ ಕೇಳಿದೆ ಎಂದು ನಾನು ಆಗಲೇ ಕೇಳಬೇಕಿತ್ತು. ನನಗೆ ಹಾಡಿನ ಛಾಯಾಗ್ರಹಣದ ಬಗ್ಗೆ ಹೇಳುವ ಆತುರ.

ಮುಂದಿನ ಭಾನುವಾರ ಚಿಕ್ಕಮ್ಮ ನಮ್ಮ ಮನೆಗೆ ಬಂದು, ಚಹಾದ ಲೋಟ ಕೆಳಗಿಡುತ್ತಾ, ತಾನು ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಮನೆಗೆ ತರುತ್ತಿರುವುದಾಗಿಯೂ, ಕಾಗದಪತ್ರಗಳೆಲ್ಲ ಮುಗಿಯುತ್ತ ಬಂದಿರುವುದಾಗಿಯೂ ಹೇಳಿದಳು. ಚಿಕ್ಕಪ್ಪ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಅವರಿಗೆ ಮಕ್ಕಳಿರಲಿಲ್ಲ. ಅಮ್ಮನ ಕೈಯ ಚಕ್ಕುಲಿ ಅರ್ಧದಲ್ಲೇ ನಿಂತಿತು.

“ನಿನಗೇನು ಬಂತೇ ಗಿರಿಜಾ? ಆರಾಮ ಇರೋದು ಬಿಟ್ಟು!”

“ಆರಾಮ ಇದ್ದೂ ಇದ್ದೂ ಸಾಕಾಗೈತಕ್ಕ.”

“ತಂದ್ರೆ ಸಣ್ಣ ಕೂಸು ತರಬಾರದಾ? ಒಂಬತ್ತು ವರ್ಷ ಅಂದ್ರೆ ಆಗ್ಲೇ ಅರ್ಧ ಬೆಳೆದುಬಿಟ್ಟೈತೆ.”

“ಅರ್ಧ ಬೆಳೆದೈತಂತ್ಲೇ ಯಾರೂ ಕೇಳಂಗಿಲ್ಲಂತೆ ಅದನ್ನ.”

ಆ ಹುಡುಗಿಯ ಹೆಸರು ಸಿಂಧು. ಅವಳು ಈಗಾಗಲೇ ಒಮ್ಮೆ ಬೇರೆ ಮನೆಯೊಂದಕ್ಕೆ ಹೋಗಿ, ಕೆಲವು ತಿಂಗಳಿದ್ದು, ಹೊಂದಿಕೊಳ್ಳಲಿಲ್ಲವೆಂದು ವಾಪಸು ಬಂದಿದ್ದಳು. ಇದನ್ನು ಚಿಕ್ಕಮ್ಮನಿಗೆ ಮೊದಲೇ ಹೇಳಿದ್ದರು. ಹೇಗೆ ವಾಪಸು ಬಂದಳು ಎಂಬುದನ್ನು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಂಗಡಿಯಿಂದ ತಂದ ಬಟ್ಟೆ ಅಳತೆಗೆ ಸರಿಹೋಗದೆ ವಾಪಸು ಕೊಡುವುದಿಲ್ಲವೇ, ಹಾಗೇ ಏನೋ ಎಂಬಂತೆ ಆ ಮಾತು ನಮ್ಮ ಕಿವಿಯಿಂದ ಜಾರಿಹೋಯಿತು.

ಅಮ್ಮ ಗೊಣಗಿದಳು, ಅಪ್ಪ ಪೇಪರಿನ ಹಿಂದೆ ಅಡಗಿದರು, ನಾನೊಬ್ಬಳು ಮಾತ್ರ ಕುಣಿದೆ. ವಿಧವೆ ತಾಯಿ, ಹಠಮಾರಿ ಮಗು, ಹೊಳೆದಂಡೆಯ ಊರು! ಇಷ್ಟು ಒಳ್ಳೆಯ ಕಥಾವಸ್ತು ನಮ್ಮ ಮನೆತನಕ್ಕೆ ಈ ಮೊದಲು ದಕ್ಕಿರಲಿಲ್ಲ. “ನೀನೇನೂ ಹೆದರಬೇಡ ಚಿಕ್ಕಮ್ಮ, ನಾನಿದ್ದೀನಿ,” ಎಂದು ಅಭಯ ಕೊಟ್ಟೆ. ಹೆದರಬೇಕಾದದ್ದು ಅದಕ್ಕೇ ಎಂದು ಅವಳಿಗೆ ಆಗ ಹೊಳೆಯಲಿಲ್ಲ.

ಸಿಂಧು ಬಂದಳು. ಎಣ್ಣೆಗಪ್ಪಿನ ಚುರುಕು ಹುಡುಗಿ, ಎರಡು ಜಡೆ, ಎದುರಿಗಿದ್ದವರನ್ನು ಅಳೆಯುವಂಥ ನೋಟ. ಚಿಕ್ಕಮ್ಮನೂ ಟೇಪು ಹಿಡಿದು ಜನರನ್ನು ಅಳೆಯುವವಳೇ ಆದ್ದರಿಂದ, ಇಬ್ಬರೂ ಮೊದಲ ವಾರ ಒಬ್ಬರನ್ನೊಬ್ಬರು ಅಳೆದುಕೊಳ್ಳುವುದರಲ್ಲೇ ಕಳೆದರು. ಏನೂ ಒಡೆಯಲಿಲ್ಲ, ಏನೂ ಹರಿಯಲಿಲ್ಲ. ಹುಡುಗಿ ಹೇಳಿದ್ದನ್ನು ಮಾಡುತ್ತಾಳೆ, ಕೊಟ್ಟದ್ದನ್ನು ತಿನ್ನುತ್ತಾಳೆ, ಮಾತು ಮಾತ್ರ ಕಡಿಮೆ ಎಂದು ಚಿಕ್ಕಮ್ಮ ವರದಿ ಕೊಟ್ಟಾಗ ನನಗೆ ಕೊಂಚ ನಿರಾಸೆಯೇ ಆಯಿತೆನ್ನಬೇಕು. ಸಂಘರ್ಷವೇ ಇಲ್ಲದೆ ಚಿತ್ರಕಥೆ ಮುಂದೆ ಸಾಗುವುದಾದರೂ ಹೇಗೆ?

“ಮಾತು ಕಡಿಮೆ ಅಂದ್ರೆ ಮನಸ್ಸು ಬಿಚ್ಚಿಲ್ಲ ಅಂತ ಅರ್ಥ. ಏನಾದ್ರೂ ವಿಶೇಷ ಮಾಡಬೇಕು ಚಿಕ್ಕಮ್ಮ,” ಎಂದೆ. ಈ ವಿಶೇಷ ಎಂಬ ಪದವನ್ನು ನೀವು ದಯವಿಟ್ಟು ಕೆಂಪು ಶಾಯಿಯಲ್ಲಿ ಓದಬೇಕು.

ಮೊದಲ ವಿಶೇಷ, ಫ್ರಾಕು. ಚಿಕ್ಕಮ್ಮ ಗಿರಾಕಿಗಳ ಬಟ್ಟೆಯನ್ನೆಲ್ಲ ಬದಿಗಿಟ್ಟು, ಹಳದಿ ಸ್ಯಾಟಿನ್ನಿನಲ್ಲಿ ಮೂರು ಸುತ್ತಿನ ನಿರಿಗೆಯಿಟ್ಟು, ತಾನು ಜೀವಮಾನದಲ್ಲಿ ಹೊಲಿದ ಅತ್ಯುತ್ತಮ ಫ್ರಾಕನ್ನು ಹೊಲಿದಳು. ಹುಡುಗಿ ಅದನ್ನು ತೊಟ್ಟಳು, ಕನ್ನಡಿ ನೋಡಿದಳು, ಬಿಚ್ಚಿ ಮಡಿಚಿಟ್ಟಳು. ಚಿಕ್ಕಮ್ಮ ಹಾಲು ತರಲು ಹೋಗಿ ಬರುವಷ್ಟರಲ್ಲಿ ಕತ್ತರಿ ತೆಗೆದುಕೊಂಡು ನಿರಿಗೆಯ ಮೂರು ಸುತ್ತನ್ನೂ ಕತ್ತರಿಸಿ, ಅಷ್ಟಕ್ಕೇ ನಿಲ್ಲದೆ ಪಕ್ಕದಲ್ಲಿ ನೇತಾಡುತ್ತಿದ್ದ ಗಿರಾಕಿಯೊಬ್ಬರ ಮದುವೆ ರವಿಕೆಯ ತೋಳನ್ನೂ ಹಾರಿಸಿದ್ದಳು.

“ಆ ಅಮ್ಮೋರಿಗೆ ಏನು ಹೇಳಿದೆ?” ಎಂದು ಗಾಬರಿಯಿಂದ ಕೇಳಿದೆ.

“ಇನ್ನೇನು ಹೇಳ್ಲಿ? ಇನ್ನೊಂದು ತೋಳೂ ತೆಗೆದು, ಈಗ ಸ್ಲೀವ್‌ಲೆಸ್ಸೇ ಫ್ಯಾಶನ್ ಅಂತ ಒಪ್ಪಿಸಿದೆ. ಖುಷಿಯಾಗಿ ಹೋದ್ಲು.”

ನನಗೂ ಒಳಗೊಳಗೇ ಖುಷಿಯಾಯಿತು. ಲೋಟ ಗೋಡೆಗೆ ಬಿತ್ತು, ಅಂದರೆ ಪಲ್ಲವಿ ಶುರುವಾಯಿತು.

ಎರಡನೇ ವಿಶೇಷ, ಬೆಣ್ಣೆದೋಸೆ. ದಾವಣಗೆರೆಗೆ ಬಂದವರು ದೋಸೆ ತಿನ್ನದೆ ಹೋದರೆ ಅವರು ಬಂದದ್ದೇ ಸುಳ್ಳು ಎಂದು ನಾವು ಈ ಊರಿನವರು ನಂಬಿದ್ದೇವೆ. ಹುಡುಗಿ ಬೆಣ್ಣೆ ಕರಗುವ ಮೊದಲೇ ಎರಡು ದೋಸೆ ಮುಗಿಸಿದಳು. ಚಿಕ್ಕಮ್ಮ ಮೂರನೆಯದನ್ನು ಹೇಳಿ, “ಎಷ್ಟು ಬೇಕೋ ಅಷ್ಟು ತಿನ್ನವ್ವ, ಇವತ್ತು ನಿಂದೇ ದಿನ,” ಎಂದಳು. ಮರುಕ್ಷಣವೇ ಆಲೂಗಡ್ಡೆ ಪಲ್ಯ, ಚಟ್ನಿ, ನೀರಿನ ಲೋಟ ಸಾಲಾಗಿ ನೆಲಕ್ಕೆ ಇಳಿದವು. ಹೋಟೆಲಿನವರು ಓಡಿಬಂದರು.

“ಯಾಕವ್ವಾ, ದೋಸಿ ಚೆನ್ನಾಗಿರಲಿಲ್ಲೇನು?”

“ಚೆನ್ನಾಗೇ ಐತೆ,” ಎಂದಳು ಸಿಂಧು, ಎತ್ತಲೋ ನೋಡುತ್ತಾ.

ಮೂರನೇ ವಿಶೇಷವನ್ನು ಸ್ವತಃ ನಾನೇ ನಿರ್ದೇಶಿಸಿದೆ. ಆ ಇಂಜಿನಿಯರ್ ತಂದೆಯ ಸಿನಿಮಾ ನಮ್ಮೂರಿನ ಥಿಯೇಟರಿನಲ್ಲೇ ಮತ್ತೆ ಹಾಕಿದ್ದರು. ತನ್ನಂಥದೇ ಹುಡುಗಿಯನ್ನು ದೊಡ್ಡ ಪರದೆಯ ಮೇಲೆ ನೋಡಿದರೆ ಇವಳ ಮನಸ್ಸು ಕರಗದೆ ಇರುತ್ತದೆಯೇ? ನಾವು ಮೂವರೂ ಹೋದೆವು. ಹೂಕುಂಡ ಉರುಳುವಾಗ ಸಿಂಧು ನಕ್ಕಳು, ಅದೂ ಜೋರಾಗಿ. ನಾನು ಚಿಕ್ಕಮ್ಮನನ್ನು ಮೊಣಕೈಯಿಂದ ತಿವಿದೆ. ಆಮೇಲೆ ಹಾಡು ಬಂತು. ತಂದೆ ಹೊಸ ಬಟ್ಟೆಯ ಪೊಟ್ಟಣ ಬಿಚ್ಚಿದ, ಬಲೂನು ಕೊಡಿಸಿದ, ಬಾಯಿಗೆ ಮಿಠಾಯಿ ಇಟ್ಟ. ಸಿಂಧು ಸೀಟಿನಿಂದ ಎದ್ದು ನಿಂತಳು.

“ನಡ್ರಿ ಮನಿಗೆ.”

“ಕೂಡವ್ವ, ಈಗ ಚಲೋ ಬರ್ತೈತೆ,” ಎಂದಳು ಚಿಕ್ಕಮ್ಮ.

“ಬ್ಯಾಡ! ಈಗ್ಲೇ ನಡ್ರಿ!” ಎಂದು ಅವಳು ಕಿರುಚಿದ ಕಿರುಚಾಟಕ್ಕೆ ಪರದೆಯ ಮೇಲಿನ ಕೊಳಲು ಕೇಳಿಸದಾಯಿತು. ಹಿಂದಿನ ಸಾಲಿನಿಂದ ಯಾರೋ, “ಅಮ್ಮಾ, ಕುಂದ್ರಿಸ್ರಿ ಆ ಮಗೂನ, ಪರದೆ ಕಾಣವಲ್ದು!” ಎಂದರು. ಕತ್ತಲೆಯಲ್ಲಿ ಕಾಲು ತುಳಿದವರಿಗೆಲ್ಲ ಕ್ಷಮೆ ಕೇಳುತ್ತ ಹೊರಬಂದೆವು. ಹರಿಹರದ ಬಸ್ಸು ಹತ್ತಿಸಲು ಹೋದಾಗ ನೋಡಿದೆ, ಹುಡುಗಿ ಚಿಕ್ಕಮ್ಮನ ಸೆರಗನ್ನು ಮುದ್ದೆಯಾಗಿ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಬಸ್ಸಿನ ಮೆಟ್ಟಿಲು ಹತ್ತುವಾಗಲೂ ಬಿಡಲಿಲ್ಲ. ಸಿನಿಮಾ ಕೆಲಸ ಮಾಡಿದೆ, ಪ್ರೀತಿ ಉಕ್ಕಿದೆ ಎಂದು ನಾನು ಟಿಪ್ಪಣಿ ಮಾಡಿಕೊಂಡೆ. ಭಯಕ್ಕೂ ಸೆರಗು ಹಿಡಿಯುತ್ತಾರೆ ಎಂಬುದು ನನ್ನ ಡೇಟಾ ಪ್ಯಾಕಿನಲ್ಲಿ ಬಂದಿರಲಿಲ್ಲ.

ಆ ವಾರ ಚಿಕ್ಕಮ್ಮನ ಫೋನು ಬಂದಾಗ ಹಿನ್ನೆಲೆಯಲ್ಲಿ ಮಷೀನಿನ ಸದ್ದಿರಲಿಲ್ಲ. ಮಗು ಮನೆಗೆ ಬಂದಿದ್ದರೂ ದತ್ತಿನ ಕೊನೆಯ ಆದೇಶ ಇನ್ನೂ ಆಗಿರಲಿಲ್ಲ. ಅಲ್ಲಿಯವರೆಗೆ ಮಕ್ಕಳ ರಕ್ಷಣೆಯ ಅಧಿಕಾರಿಯೊಬ್ಬರು ಬಂದು ನೋಡಿ ವರದಿ ಬರೆಯುತ್ತಿದ್ದರು, ಮಗು ಹೊಂದಿಕೊಳ್ಳದಿದ್ದರೆ ಮತ್ತೆ ವಾಪಸು. ಪಂಚಮಿ ಕಳೆದ ಮೇಲೆ ಬರುವುದಾಗಿ ಅವರು ಹೇಳಿದ್ದರು.

“ಮೊನ್ನೆ ಅದು ನನ್ನ ಮುಂದೇ ನಿಂತು, ಕಳ್ಸೋದಿದ್ರೆ ಕಳ್ಸಿಬಿಡ್ರಿ ಅಂತು ಸುಮಿ. ಒಂದು ವಾರ ಇರ್ತೈತೆ ಚೆನ್ನಾಗಿ. ನಾನು ಏನಾದ್ರೂ ಪ್ರೀತಿಯಿಂದ ಮಾಡಿದ್ನೋ, ಆಗ್ಲೇ ಶುರು. ನನ್ನ ಪ್ರೀತಿನೇ ಆಗಿಬರಂಗಿಲ್ಲೇನೋ ಅದಕ್ಕೆ. ಆ ಮೇಡಂ ಕೇಳಿದ್ರೆ ಏನು ಹೇಳ್ಲಿ? ಇಲ್ಲಿ ಬ್ಯಾಡ ಅಂತ ಅದೇ ಹೇಳಿದ್ರೆ?”

ನನ್ನ ಚಿಕ್ಕಮ್ಮ ಅಳುವವಳಲ್ಲ. ಅವತ್ತೂ ಅಳಲಿಲ್ಲ. ಆದರೆ ಪ್ರತಿ ಮಾತಿಗೂ ನಡುವೆ ಒಂದು ಉಸಿರು ಬಿಟ್ಟು ಮಾತಾಡಿದಳು, ಹೊಲಿಗೆಯ ನಡುವೆ ದಾರ ತುಂಡಾಗುತ್ತದಲ್ಲ, ಹಾಗೆ. ನನಗೆ ಯಾವ ಸಿನಿಮಾವೂ ನೆನಪಾಗಲಿಲ್ಲ. ವಿಷಯ ಅಮ್ಮನ ಕಿವಿಗೆ ಬಿದ್ದಾಗ ಅವಳು ಮಾತ್ರ ಸೆರಗು ಸಿಕ್ಕಿಸಿದಳು.

“ನಿಮ್ಮ ಸಿನೆಮಾ ಗಿನೆಮಾ ಸಾಕು. ಹಬ್ಬಕ್ಕೆ ಇಬ್ರೂ ಇಲ್ಲಿಗೆ ಬರ್ಲಿ. ಮನಿತನದ ಮಗಳು ಅಂದಮ್ಯಾಲೆ ಮನಿತನದ ರೀತಿ ಮಾಡಬೇಕು.”

ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವುದು, ಜೋಕಾಲಿ ಆಡುವುದು, ಎಳ್ಳುಂಡಿ, ಶೇಂಗಾ ಉಂಡಿ ತಿಂದು ಹಲ್ಲಿನ ಗಟ್ಟಿತನ ಪರೀಕ್ಷಿಸಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಚಿಕ್ಕಮ್ಮನಿಗೆ ಈಗ ತವರೆಂದರೆ ನಮ್ಮ ಮನೆಯೇ. ಸಿಂಧು ಆ ದಿನ ಮೊದಮೊದಲು ಎಷ್ಟು ಚೆನ್ನಾಗಿದ್ದಳೆಂದರೆ, ನಮ್ಮಪ್ಪ ಕೂಡ ಪೇಪರಿನಿಂದ ಹೊರಬಂದು ಜೋಕಾಲಿ ತೂಗಿದರು. ಉಂಡಿಗಳನ್ನು ಜೇಬಿಗೆ ತುಂಬಿಕೊಂಡಳು. ಪಕ್ಕದ ಮನೆಯ ನಾಯಿಗೆ ಒಂದು ತಿನ್ನಿಸಿ, ಅದರ ಬಾಯಿ ಅಂಟಿಕೊಂಡದ್ದನ್ನು ನೋಡಿ ಬಿದ್ದು ಬಿದ್ದು ನಕ್ಕಳು.

ಸಂಜೆ ಹೊರಡುವ ಹೊತ್ತಾಯಿತು. ಮನೆಗೆ ಮೊದಲ ಸಲ ಬಂದ ಹೆಣ್ಣುಮಗುವನ್ನು ಬರಿಮಡಿಲಲ್ಲಿ ಕಳಿಸಬಾರದೆಂದು, ಅಮ್ಮ ಉಡಿ ತುಂಬಲು ಎಲ್ಲ ಸಿದ್ಧಮಾಡಿದ್ದಳು. ಹುಡುಗಿಗೆ ಹೊಸ ಲಂಗ ತೊಡಿಸಿ, ಮಣೆಯ ಮೇಲೆ ಕೂರಿಸಿ, ಕುಂಕುಮವಿಟ್ಟು, ಮಡಿಲಿಗೆ ಹೊಸ ಟವೆಲು ಹಾಸಿ, ಬೊಗಸೆಯಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು ಒಂದೊಂದಾಗಿ ಇಟ್ಟಳು. ನಾನು ಫೋನು ಹಿಡಿದು ಚಿತ್ರೀಕರಣಕ್ಕೆ ನಿಂತಿದ್ದೆ. ಬೆಳಕು ಚೆನ್ನಾಗಿತ್ತು. ಹುಡುಗಿ ಕಿರುಚಲಿಲ್ಲ, ಏನನ್ನೂ ಎಸೆಯಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ಎಲ್ಲ ಮುಗಿದ ಮೇಲೆ, ದೊಡ್ಡವರಂತೆ ತಣ್ಣಗೆ ಕೇಳಿದಳು.

“ದೊಡ್ಡಮ್ಮ, ಗಾಡಿ ಎಷ್ಟೊತ್ತಿಗೆ ಬರ್ತೈತ್ರಿ?”

“ಯಾವ ಗಾಡಿಯವ್ವ?”

“ನನ್ನ ಕರ್ಕಂಡು ಹೋಗೋ ಗಾಡಿ.”

ಅಮ್ಮ ನಕ್ಕಳು. “ನೀವು ಬಸ್ಸಿಗೆ ಹೋಗ್ತೀರಲ್ಲವ್ವ, ಹರಿಹರಕ್ಕೆ.”

“ಹರಿಹರಕ್ಕಲ್ರಿ. ವಾಪಸ್ಸು.” ಮಡಿಲಿನ ಅಕ್ಕಿ ಚೆಲ್ಲದಂತೆ ಟವೆಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. “ಆ ಮನ್ಯಾಗೂ ಹಿಂಗೇ ಮಾಡಿದ್ರು. ಹೊಸ ಬಟ್ಟಿ ಕೊಡ್ಸಿದ್ರು. ಹೋಟ್ಲಿಗೆ ಹೋಗಿದ್ವಿ, ಸಿನೆಮಾಕ್ಕೂ ಹೋಗಿದ್ವಿ. ಆಮ್ಯಾಲೆ ಉಡಿ ತುಂಬಿದ್ರು. ಮುಂಜಾನೆ ಗಾಡಿ ಬಂತು.”

ನಾನು ಫೋನು ಕೆಳಗಿಳಿಸಿದೆ.

ಆ ಮನೆಯವರೂ ಕೆಟ್ಟವರಿರಲಿಕ್ಕಿಲ್ಲ. ಸಾಕಲಾಗದ ಮಗುವನ್ನು ಕಳಿಸುವ ಮುಂಚೆ, ಮನಸ್ಸು ತಡೆಯದೆ, ನಮ್ಮ ಕಡೆಯ ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸುವಂತೆಯೇ, ಹೊಸ ಬಟ್ಟೆ ತೊಡಿಸಿ, ತಿನ್ನಿಸಿ, ತಿರುಗಾಡಿಸಿ, ಮಡಿಲು ತುಂಬಿ ಕಳಿಸಿದ್ದಾರೆ. ಮಗು ಆ ಕ್ರಮವನ್ನು ಪಾಠದಂತೆ ಕಲಿತುಕೊಂಡಿದೆ. ನಾವು ಹಳದಿ ಫ್ರಾಕು ಹೊಲಿದೆವು, ಮಗು ಮೊದಲ ಗಂಟೆ ಕೇಳಿಸಿಕೊಂಡಿತು. ದೋಸೆ ಕೊಡಿಸಿ ಇವತ್ತು ನಿಂದೇ ದಿನ ಎಂದೆವು, ಎರಡನೇ ಗಂಟೆ. ಸಿನಿಮಾಕ್ಕೆ ಕರೆದೊಯ್ದ ದಿನ ಅದು ಕಿರುಚದೆ ಇನ್ನೇನು ಮಾಡಬೇಕಿತ್ತು? ನನ್ನ ಸಿನಿಮಾದ ತಂದೆ ಒಂದೇ ಹಾಡಿನಲ್ಲಿ ಮಾಡಿ ಮುಗಿಸಿದ ಮುದ್ದುಗಳೆಲ್ಲ ಇವಳ ಲೆಕ್ಕದಲ್ಲಿ ಬೀಳ್ಕೊಡುಗೆಯ ತಯಾರಿ.

ನನಗೆ ಗೊತ್ತಿರುವ ಎಲ್ಲ ಸಿನಿಮಾಗಳಲ್ಲೂ ಇಂಥ ಜಾಗದಲ್ಲಿ ತಾಯಿ ಓಡಿಬಂದು ಮಗುವನ್ನು ತಬ್ಬಿಕೊಳ್ಳುತ್ತಾಳೆ. ಅಮ್ಮ ಹಾಗೆ ಮಾಡಲು ಹೊರಟಿದ್ದಳು ಕೂಡ. ಚಿಕ್ಕಮ್ಮ ಅಕ್ಕನ ಕೈ ಹಿಡಿದು ತಡೆದಳು. ಒಂದು ಚೀಲ ತಂದು, ಹುಡುಗಿಯ ಮಡಿಲಿನ ಅಕ್ಕಿಯನ್ನು ಅದಕ್ಕೆ ಸುರಿದು, ಕಾಯಿಯನ್ನು ಮೇಲಿಟ್ಟಳು.

“ಗಾಡಿ ಗೀಡಿ ಏನೂ ಇಲ್ಲ. ಏಳು. ಬಸ್ಸಿಗೆ ಹೊತ್ತಾತು. ನಾಳೆ ಸಾಲಿ ಐತೆ, ಗಣಿತದ ಹೋಮ್‌ವರ್ಕ್ ಹಂಗೇ ಬಿಟ್ಟು ಬಂದೀಯ.”

ಸಿಂಧು ಎದ್ದಳು. ಚೀಲದಿಂದ ಇಣುಕುತ್ತಿದ್ದ ಕಾಯಿಯನ್ನು ನೋಡಿದಳು.

“ಈ ಕಾಯಿ?”

“ನಾಳೆ ಚಟ್ನಿಗೆ. ತುರಿಯೋದು ನೀನೇ. ಈ ಸಲ ಉಪ್ಪು ಜಾಸ್ತಿ ಹಾಕಿದ್ರೆ ನೋಡು.”

ಹುಡುಗಿ ಕೆಲ ಹೊತ್ತು ಅವಳ ಮುಖವನ್ನೇ ಅಳೆದಳು. ಆಮೇಲೆ, “ಹೋದ ಸಲ ಉಪ್ಪು ಹಾಕಿದ್ದು ನೀವ್ರೀ,” ಎಂದಳು.

ಅವರು ಹೋದ ಮೇಲೆ ಅಮ್ಮ ಅಡುಗೆಮನೆಯಲ್ಲಿ ನಿಂತು, “ನಾನೇನು ಕಂಡಿದ್ನೇ, ಒಳ್ಳೇದಾಗ್ಲಿ ಅಂತ ಮಾಡಿದ್ದು,” ಎಂದು ಪಾತ್ರೆಗಳಿಗೆ ಹೇಳಿಕೊಂಡು ಮೂಗೊರೆಸಿಕೊಂಡಳು. ನಾನು ಅವಳ ಪಕ್ಕ ನಿಂತು ಒಣ ಬಟ್ಟೆಯಲ್ಲಿ ಲೋಟ ಒರೆಸಿದೆ. ಆ ದಿನ ವಿಮರ್ಶೆ ಬರೆಯಲಿಲ್ಲ.

ಮಾರನೆಯ ದಿನದಿಂದ ಹರಿಹರದ ಆ ಮನೆಯಲ್ಲಿ ವಿಶೇಷಗಳ ಮೇಲೆ ನಿಷೇಧಾಜ್ಞೆ ಜಾರಿಯಾಯಿತು. ಹೊಸ ಬಟ್ಟೆ ಬೇಕಾದಾಗ ಮಾತ್ರ, ಅದೂ ಗಿರಾಕಿಗಳ ಬಟ್ಟೆಯ ನಡುವೆ ಸರದಿ ಬಂದಾಗ. ಸಿಹಿ ಅಡುಗೆಗೆ ಮುಂಚಿತವಾಗಿ ಕಾರಣ ಹೇಳಬೇಕು. ಸುಮಿಯ ಸಲಹೆಗಳಿಗೆ ಪ್ರವೇಶವಿಲ್ಲ. ಬದಲಿಗೆ ಚಿಕ್ಕಮ್ಮ ಮಾಡಿದ್ದು ಒಂದೇ: ಪ್ರತಿಯೊಂದು ಮಾತಿನಲ್ಲೂ ನಾಳೆಯದನ್ನು ಸೇರಿಸತೊಡಗಿದಳು. ನಾಳೆ ಉಗುರು ಕತ್ತರಿಸಬೇಕು. ನಾಳಿದ್ದು ಗುಂಡಿಗೆ ಕಾಜಾ ಹಾಕೋದು ಕಲಿಸ್ತೀನಿ. ಬರೋ ತಿಂಗಳು ನಿನ್ನ ಚಪ್ಪಲಿ ಸಣ್ಣವಾಗ್ತಾವೆ. ಮತ್ತು ಬೈಯತೊಡಗಿದಳು, ಧಾರಾಳವಾಗಿ, ಮನೆಮಕ್ಕಳಿಗೆ ಬೈಯುವಂತೆ. ಮೊದಲ ಸಲ ಬೈಸಿಕೊಂಡಾಗ ಸಿಂಧು ಬೆರಗಾಗಿ ನಿಂತಳಂತೆ. ಎರಡನೇ ಸಲ ಎದುರುತ್ತರ ಕೊಟ್ಟಳಂತೆ. ಆಮೇಲೆ ಯಾರು ಯಾರಿಗೆ ಬೈಯುತ್ತಿದ್ದಾರೆಂದು ಫೋನಿನಲ್ಲಿ ಕೇಳುವ ನನಗೆ ತಿಳಿಯದಾಯಿತು. ಕತ್ತರಿ ಈಗ ಹುಡುಗಿಯ ಕೈಗೆಟುಕುವ ಗೂಡಿನಲ್ಲೇ ಇತ್ತು, ಗೂಡಿಗೆ ಬೀಗವಿರಲಿಲ್ಲ.

ಸಿನಿಮಾದವರು ಇದನ್ನೆಲ್ಲ ಯಾಕೆ ತೋರಿಸುವುದಿಲ್ಲ ಎಂದು ನಾನು ಝೆರಾಕ್ಸ್ ಮಷೀನಿನ ಪಕ್ಕ ಕೂತು ಯೋಚಿಸಿದ್ದೇನೆ. ಪಾಪ, ಅವರ ತಪ್ಪಲ್ಲ. ಜಡೆ ಹಾಕಿಸಿಕೊಳ್ಳುತ್ತ ಗಣಿತದ ಮಗ್ಗಿ ಹೇಳುವ ಹುಡುಗಿಯನ್ನು ನೋಡಲು ಯಾರು ಟಿಕೆಟ್ಟು ಕೊಳ್ಳುತ್ತಾರೆ? ವಿಶೇಷ ದಿನಗಳನ್ನು ಚಿತ್ರೀಕರಿಸಬಹುದು, ಬರಿಯ ದಿನಗಳನ್ನು ಬದುಕಬೇಕಷ್ಟೇ. ನನ್ನ ಈ ವಾಕ್ಯ ನನಗೇ ತುಂಬ ಹಿಡಿಸಿ ಅಮ್ಮನಿಗೆ ಓದಿ ಹೇಳಿದೆ. “ಹೂಂ, ಕಾಯಿಪಲ್ಯ ಹೆಚ್ಚು ಬಾ,” ಎಂದಳು. ಬರಿಯ ದಿನವೆಂದರೆ ಇದೇ.

ಅಧಿಕಾರಿ ಬರುವ ಶನಿವಾರ ಬಂತು. ಅಮ್ಮನೂ ನಾನೂ ಬೆಳಗ್ಗೆಯೇ ಹರಿಹರಕ್ಕೆ ಹೋದೆವು. ಅಮ್ಮನ ಕೈಚೀಲದಲ್ಲಿ ತುಪ್ಪ ಸುರಿದ ಕೇಸರಿಬಾತಿನ ಡಬ್ಬಿಯಿತ್ತು.

“ಮೇಡಂ ಬಂದಾಗ ಒಂದು ಸಿಹಿನೂ ಬ್ಯಾಡೇನೆ? ಏನಂದುಕೊಂಡಾರು?”

“ಏನರ ಅಂದುಕೊಳ್ಳಲಿ. ಅದು ಹೊರಗೆ ಬಂದ್ರೆ ಸಿಂಧು ಏನಂದುಕೊಂತಾಳೆ?” ಎಂದು ಚಿಕ್ಕಮ್ಮ ಡಬ್ಬಿಯನ್ನು ಹೊಲಿಗೆಯ ತುಂಡುಬಟ್ಟೆಗಳ ರಾಶಿಯೊಳಗೆ ಹೂತಳು. ಮಧ್ಯಾಹ್ನದ ಅಡುಗೆ ಜೋಳದ ರೊಟ್ಟಿ, ಹಾಗಲಕಾಯಿ ಪಲ್ಯ. ಸಿಂಧು ತೊಟ್ಟಿದ್ದು ಮೊಣಕೈ ಹತ್ತಿರ ತೇಪೆಯಿದ್ದ ಮನೆಯ ಅಂಗಿ. ಇಷ್ಟು ಕಳಪೆ ಕಲಾನಿರ್ದೇಶನವನ್ನು ನಾನು ಎಲ್ಲಿಯೂ ಕಂಡಿರಲಿಲ್ಲ.

ಅಧಿಕಾರಿ ಮಧ್ಯವಯಸ್ಸಿನ ಹೆಂಗಸು, ಸಣ್ಣಗೆ ನಗುವವರು. ಬಂದು ಕೂತವರೇ ಮೂಗರಳಿಸಿದರು.

“ಏನೋ ತುಪ್ಪದ ಘಮ ಬರ್ತಿದೆಯಲ್ಲ.”

“ಅದು ಪಕ್ಕದ ಮನೀದು ಮೇಡಂ,” ಎಂದಳು ಅಮ್ಮ, ತುಂಡುಬಟ್ಟೆಯ ರಾಶಿಗೆ ಅಡ್ಡಲಾಗಿ ಕೂಡುತ್ತಾ.

ಅವರು ಮನೆಯೆಲ್ಲ ನೋಡಿ, ಚಿಕ್ಕಮ್ಮನ ಜೊತೆ ಮಾತಾಡಿ, ಆಮೇಲೆ ಸಿಂಧುವನ್ನು ಕರೆದುಕೊಂಡು ಮನೆಮುಂದಿನ ಕಟ್ಟೆಯ ಮೇಲೆ ಕೂತರು. ಅಮ್ಮನೂ ನಾನೂ ಕಿಟಕಿಯ ಬಳಿ ಕದ್ದು ಕೇಳುತ್ತಿಲ್ಲವೆಂಬಂತೆ ನಿಂತೆವು. ಚಿಕ್ಕಮ್ಮ ಮಷೀನಿಗೆ ಕೂತು ತುಳಿಯುತ್ತಿದ್ದಳು. ಸೂಜಿಯಲ್ಲಿ ದಾರವೇ ಇರಲಿಲ್ಲ.

“ಹೆಂಗಿದ್ದೀಯಮ್ಮ ಇಲ್ಲಿ?”

“ಬೈತಾರ್ರಿ,” ಎಂದಳು ಸಿಂಧು. ಅಮ್ಮ ನನ್ನ ಕೈ ಹಿಡಿದಳು. “ದಿನಾ ಬೈತಾರೆ. ತಲಿ ಬಾಚುವಾಗ ಜಗ್ತಾರೆ. ಟಿವಿ ಅರ್ಧಕ್ಕೇ ಬಂದ್ ಮಾಡ್ತಾರೆ. ರಬ್ಬರು ಕಳ್ಕಂಡ್ರೆ ಹೊಸಾದು ಕೊಡ್ಸಂಗಿಲ್ಲ, ಹುಡುಕು ಅಂತಾರೆ. ಇವತ್ತೂ ಹಾಗಲಕಾಯಿ. ನೀವೇ ಹೇಳ್ರಿ, ಹಾಗಲಕಾಯಿ ಯಾರಾದ್ರೂ ತಿಂತಾರಾ?”

“ಹಂಗಾದ್ರೆ ಬೇರೆ ಕಡೆ ಹೋಗಬೇಕು ಅನ್ನಿಸ್ತದೇನಮ್ಮ?”

ಮಷೀನು ನಿಂತಿತು. ಬೀದಿಯಲ್ಲಿ ಸೊಪ್ಪಿನವನು ಕೂಗಿಕೊಂಡು ಹೋದ.

“ಯಾಕ್ರಿ?” ಎಂದಳು ಸಿಂಧು, ಪ್ರಶ್ನೆಯೇ ಅರ್ಥವಾಗದವಳಂತೆ. “ನಾಳೆ ಗಿರಣಿಗೆ ಹೋಗೋದೈತೆ. ಜ್ವಾಳ ಹಸನು ಮಾಡಿಟ್ಟೀನಿ. ಇವ್ರೊಬ್ರನ್ನೇ ಕಳ್ಸಿದ್ರೆ ಬಂದೋರಿಗೆಲ್ಲ ದಾರಿ ಬಿಟ್ಟು ಸಂಜಿಮಟ ಅಲ್ಲೇ ನಿಂತಿರ್ತಾರೆ. ನಾ ಹೋಗ್ಲೇಬೇಕ್ರಿ.”

ಅಧಿಕಾರಿ ಪುಸ್ತಕ ಮುಚ್ಚಿದರು. ಹೊರಡುವಾಗ ಚಿಕ್ಕಮ್ಮನಿಗೆ, “ಇಷ್ಟು ದೂರು ಹೇಳೋ ಮಗು ಹೊಂದಿಕೊಂಡಿರೋದೇ. ವರದಿ ಚೆನ್ನಾಗಿ ಹೋಗುತ್ತೆ, ಹೆದರಬೇಡಿ,” ಎಂದರು. ಚಿಕ್ಕಮ್ಮ ತಲೆಯಾಡಿಸಿ ಸೂಜಿಗೆ ದಾರ ಪೋಣಿಸಲು ಹೋದಳು. ದಾರ ಎಷ್ಟು ಹೊತ್ತಾದರೂ ಕಣ್ಣಿಗೆ ಸೇರಲಿಲ್ಲ. ಸಿಂಧು ಬಂದು, ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಪೋಣಿಸಿ ಕೊಟ್ಟು, “ಕನ್ನಡಕ ಹಾಕ್ಕಳ್ರಿ ಅಂದ್ರೆ ಕೇಳಂಗಿಲ್ಲ,” ಎಂದು ಒಳಗೆ ಹೋದಳು.

ನಾನು ಆ ರಾತ್ರಿ ಅಲ್ಲೇ ಉಳಿದು, ಮರುದಿನ ಅವರ ಜೊತೆ ಗಿರಣಿಗೆ ಹೋದೆ. ಗಿರಣಿಯಲ್ಲಿ ಜನ ಸಾಲಾಗಿ ನಿಲ್ಲುವುದಿಲ್ಲ, ಡಬ್ಬಿಗಳು ನಿಲ್ಲುತ್ತವೆ. ತಂದ ಡಬ್ಬಿಯನ್ನು ಕೊನೆಯಲ್ಲಿಟ್ಟು, ಸಾಲು ಸರಿದಂತೆಲ್ಲ ಮುಂದಕ್ಕೆ ತಳ್ಳುತ್ತ ಹೋಗಬೇಕು. ನಮ್ಮ ಸರದಿ ಇನ್ನೇನು ಬಂತು ಎನ್ನುವಾಗ ದಪ್ಪ ಮೀಸೆಯವರೊಬ್ಬರು ಬಂದು, ಯಾರನ್ನೂ ನೋಡದೆ, ತಮ್ಮ ಚೀಲವನ್ನು ನಮ್ಮ ಡಬ್ಬಿಯ ಮುಂದೆ ಇಳಿಸಿದರು.

“ಹೋಗ್ಲಿ ಬಿಡು, ಅವರಿಗೆ ಅವಸರ ಇರಬೇಕು,” ಎಂದಳು ಚಿಕ್ಕಮ್ಮ.

ಸಿಂಧು ಸೊಂಟಕ್ಕೆ ಕೈಯಿಟ್ಟು ಮುಂದೆ ಹೋದಳು. “ಅಣ್ಣಾರೆ, ಚೀಲ ಹಿಂದಿಡ್ರಿ. ಇದು ನಮ್ಮನಿ ಡಬ್ಬಿ. ನಾವು ಆಗ್ಲೇ ಬಂದೀವಿ.”

ನಮ್ಮನಿ. ಸಿನಿಮಾದಲ್ಲಾಗಿದ್ದರೆ ಇಲ್ಲಿ ಗಿರಣಿ ನಿಲ್ಲುತ್ತಿತ್ತು. ಗಾಳಿಯಲ್ಲಿ ಹಿಟ್ಟು ನಿಧಾನವಾಗಿ ತೇಲುತ್ತಿತ್ತು, ಕ್ಯಾಮೆರಾ ತಾಯಿಯ ಕಣ್ಣಿಗೆ ಹತ್ತಿರವಾಗುತ್ತಿತ್ತು, ಕೊಳಲಿನವನು ಉಸಿರೆಳೆದುಕೊಳ್ಳುತ್ತಿದ್ದ. ಇಲ್ಲಿ ಗಿರಣಿ ಗುಡುಗುತ್ತಲೇ ಇತ್ತು. ಮೀಸೆಯವರು ಕಿವಿಗೆ ಕೈ ಹಿಡಿದು, “ಏನವ್ವಾ? ಕೇಳಸವಲ್ದು!” ಎಂದರು.

ಹುಡುಗಿ ಕಾಲ್ಬೆರಳ ತುದಿಯ ಮೇಲೆ ನಿಂತು, ಮೈಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ, ಎರಡನೇ ಟೇಕ್ ಕೊಟ್ಟಳು.

“ನಮ್ಮನಿ ಡಬ್ಬಿ ಅಂದೆ!”

ಅವರು ಗೊಣಗುತ್ತ ಚೀಲ ಹಿಂದಕ್ಕೆಳೆದುಕೊಂಡರು. ನಾನು ಚಿಕ್ಕಮ್ಮನ ಕಡೆ ತಿರುಗಿದೆ. ಅವಳ ಹುಬ್ಬು, ರೆಪ್ಪೆ, ಕೆನ್ನೆಯ ಮೇಲೆಲ್ಲ ಹಿಟ್ಟು ಕೂತಿತ್ತು. ಕೆನ್ನೆಯ ಮೇಲಿನ ಹಿಟ್ಟಿನಲ್ಲಿ ಒಂದು ಸಣ್ಣ ಗೆರೆ ಮೂಡಿತ್ತು. ಅದನ್ನು ಸೆರಗಿನಿಂದ ಒರೆಸಿಕೊಂಡು, ಗಿರಣಿಯ ಸದ್ದಿನ ಮೇಲೆ ಕೇಳುವಂತೆ ಅವಳು ಮಗಳಿಗೆ ಕೂಗಿ ಹೇಳಿದಳು:

“ಸಣ್ಣಗೆ ಬೀಸು ಅಂತ ಹೇಳವ್ವ, ಹೋದ ಸಲ ತರಿತರಿ ಆಗಿತ್ತು!”